ಬಾಲವಿಲ್ಲದ ಒಂದು ಮಾತು

‘ಹೇಳಿದ್ರಾ ಸಾರ್?’

ಒಂಬತ್ತು ವರ್ಷ ಆಕೆ ನನ್ನನ್ನು ಕಂಡಾಗಲೆಲ್ಲ ಮೊದಲು ಕೇಳುತ್ತಿದ್ದದ್ದು ಇದನ್ನೇ. ಚೆನ್ನಾಗಿದ್ದೀರಾ, ಕಾಫಿ ಆಯ್ತಾ, ಯಾವುದೂ ಇಲ್ಲ. ಲಕ್ಷ್ಮೀಪುರಂನ ಆ ಹಳೆಯ ಮನೆಯ ಜಗಲಿ ಹತ್ತಿ ನಾನಿನ್ನೂ ಚಪ್ಪಲಿ ಬಿಡುತ್ತಿರುವಾಗಲೇ ಒಳಗಿನಿಂದ ಪ್ರಶ್ನೆ ಬರುತ್ತಿತ್ತು. ‘ಈ ವಾರ ಹೇಳ್ತೀನಿ ಮೇಡಂ’ ಎನ್ನುತ್ತಿದ್ದೆ. ‘ಆಗ್ಲಿ’ ಎಂದು ಅವರೆಕಾಯಿಯ ಮೊರವನ್ನು ನನ್ನ ಕಡೆ ತಳ್ಳುತ್ತಿದ್ದರು. ಹೋದ ತಿಂಗಳು ಅವರು ತೀರಿಕೊಂಡರು. ಕೇಳುವವರು ಇಲ್ಲವಾಗುವುದು ಇಷ್ಟು ಭಾರದ ಸಂಗತಿ ಎಂದು ನನಗೆ ಗೊತ್ತಿರಲಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಅವರೇ ತಮ್ಮ ಮನೆ ಮುಂದೆ ಬೋರ್ಡ್ ಹಾಕಿಸಿರಲಿಲ್ಲ. ಮನಶ್ಶಾಸ್ತ್ರ ಓದಿ, ಕೆಲವು ವರ್ಷ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಿ, ಆಮೇಲೆ ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ಹದಿಹರೆಯದ ಮಕ್ಕಳನ್ನೂ ಅವರ ಅಪ್ಪ ಅಮ್ಮಂದಿರನ್ನೂ ಕೂರಿಸಿಕೊಂಡು ಮಾತಾಡಿಸುತ್ತಿದ್ದರು. ಬೋರ್ಡ್ ಯಾಕಿಲ್ಲ ಎಂದು ಕೇಳಿದ್ದಕ್ಕೆ ‘ಬೋರ್ಡ್ ಇದ್ದಿದ್ರೆ ನೀವು ಒಳಗೆ ಬರ್ತಿದ್ರಾ?’ ಎಂದಿದ್ದರು. ಬರುತ್ತಿರಲಿಲ್ಲ, ನಿಜ. ತೊಂಬತ್ತರ ದಶಕದ ಮೈಸೂರಿನಲ್ಲಿ ಮಗನನ್ನು ಅಂಥ ಕಡೆ ಕರೆದುಕೊಂಡು ಹೋಗುತ್ತೇವೆಂದು ಯಾರು ಹೇಳಿಕೊಳ್ಳುತ್ತಾರೆ? ಬಂಧುಬಳಗಕ್ಕೆಲ್ಲ ನಾವು ‘ಟ್ಯೂಷನ್’ ಎಂದು ಹೇಳಿದ್ದೆವು. ನನ್ನ ಷಡ್ಡಕ ತನ್ನ ಮಗಳನ್ನೂ ಆ ಟ್ಯೂಷನ್ನಿಗೆ ಸೇರಿಸಬೇಕೆಂದು ದುಂಬಾಲು ಬಿದ್ದಾಗ, ಸೀಟು ಭರ್ತಿಯಾಗಿದೆ ಎಂದು ಮತ್ತೊಂದು ಸುಳ್ಳು ಹೇಳಿ ತಪ್ಪಿಸಿಕೊಂಡೆ.

ನಾನು ಮೇಟಗಳ್ಳಿ ಕಡೆಯ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್ ಆಗಿದ್ದವನು. ತಯಾರಾದ ಮಾಲಿನಲ್ಲಿ ತಪ್ಪು ಹುಡುಕುವುದೇ ನನ್ನ ಉದ್ಯೋಗ. ಹುಡುಕಿದಷ್ಟೂ ಒಳ್ಳೆಯ ಹೆಸರು. ಬೇರಿಂಗನ್ನು ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ತಿರುಗಿಸಿದರೆ ಸಾಕು, ಕೆಟ್ಟದ್ದು ಯಾವುದೆಂದು ಹೇಳಿಬಿಡುತ್ತಿದ್ದೆ. ಇದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. ಅಂಥವನ ಮನೆಯಲ್ಲಿ ಹುಟ್ಟಿದ್ದು, ಒಂದು ಕಡೆ ಐದು ನಿಮಿಷ ಕೂರಲಾರದ ಹುಡುಗ. ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಅವನು ಕಳೆದ ಜಾಮಿಟ್ರಿ ಬಾಕ್ಸುಗಳಲ್ಲಿ ಒಂದು ಅಂಗಡಿ ತೆರೆಯಬಹುದಿತ್ತು. ನಲ್ಲಿ ತಿರುಗಿಸಿ ಬಿಟ್ಟು ಹೊರಟುಹೋಗುವನು. ಮಿಕ್ಸಿ ಬಿಚ್ಚುವನು, ಅರ್ಧ ಜೋಡಿಸಿ ಎದ್ದುಬಿಡುವನು. ಮಾತಾಡುತ್ತಿದ್ದರೆ ನಡುವೆ ಬಾಯಿ ಹಾಕುವನು. ನಾನು ಬೈಯುತ್ತಿದ್ದೆ. ಬೈದದ್ದು ಸಾಲದಾಗ ಬೆಲ್ಟ್ ತೆಗೆಯುತ್ತಿದ್ದೆ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ, ಆಗ ಹೊಡೆಯಲು ನಾಚಿಕೆಯಾಗುತ್ತಿರಲಿಲ್ಲ.

ಮೊದಲ ದಿನ ನಾನು ಕಾರ್ಖಾನೆಯ ಹಾಳೆಯಲ್ಲಿ ಮಗನ ದೋಷಗಳನ್ನು ನಂಬರು ಹಾಕಿ ಪಟ್ಟಿ ಮಾಡಿಕೊಂಡು ಹೋಗಿದ್ದೆ. ಮೂರು ಹಾಳೆ. ಆಕೆ ಒಂದಕ್ಷರ ಬಿಡದೆ ಓದಿದರು. ಓದಿ, ಹಾಳೆ ತಿರುಗಿಸಿ, ‘ಹಿಂದ್ಗಡೆ ಖಾಲಿ ಇದೆಯಲ್ಲ ಸಾರ್’ ಎಂದರು. ಅವನು ಸರಿಯಾಗಿ ಮಾಡುವುದನ್ನು ಅಲ್ಲಿ ಬರೆಯಬೇಕಂತೆ. ಪೆನ್ನು ಹಿಡಿದು ಕೂತೆ. ನನ್ನ ಹೆಂಡತಿ ಬಗ್ಗಿ ನೋಡುತ್ತಿದ್ದಳು. ಬಹಳ ಹೊತ್ತಿನ ಮೇಲೆ ‘ಪಕ್ಕದ ಮನೆಯ ನೀರಿನ ಮೋಟಾರು ಕೆಟ್ಟರೆ ಸದ್ದಿನಲ್ಲೇ ಕಂಡುಹಿಡಿಯುತ್ತಾನೆ, ಆದರೆ ಅದರಿಂದ ಪ್ರಯೋಜನವಿಲ್ಲ’ ಎಂದು ಬರೆದೆ. ಆಕೆ ಪೆನ್ನು ಇಸಿದುಕೊಂಡು ವಾಕ್ಯದ ಅರ್ಧಭಾಗ ಹೊಡೆದುಹಾಕಿದರು. ‘ಒಳ್ಳೆ ಮಾತಿಗೆ ಬಾಲ ಬೇಡ ಸಾರ್. ಬಾಲ ಸೇರಿಸಿದ್ರೆ ಹುಡುಗ್ರಿಗೆ ಬರೀ ಬಾಲಾನೇ ಕೇಳ್ಸೋದು’ ಎಂದರು.

ಮಗನಿಗೆ ಇರುವುದಕ್ಕೆ ಎ.ಡಿ.ಎಚ್.ಡಿ. ಎನ್ನುತ್ತಾರೆ ಎಂದು ನಮಗೆ ತಿಳಿಸಿದವರು ಅವರೇ. ‘ಇವನಿಗೆ ಗಮನ ಕಮ್ಮಿ ಅಂತ ತಿಳ್ಕೊಬೇಡಿ. ಗಮನ ಎಲ್ಲಾ ಕಡೇನೂ ಹೋಗುತ್ತೆ, ನೀವು ಹೇಳಿದ ಕಡೆ ನಿಲ್ಲಲ್ಲ, ಅಷ್ಟೇ. ಮಾತ್ರೆ ಬೇಕೋ ಬೇಡ್ವೋ ಡಾಕ್ಟ್ರು ಹೇಳ್ತಾರೆ. ನೀವು ಮೂರು ಜನ ಜಗಳ ಇಲ್ದೆ ಒಂದು ಹೊತ್ತು ಊಟ ಮಾಡೋ ಹಾಗೆ ಮಾಡೋದು ನನ್ನ ಕೆಲಸ’ ಎಂದರು. ಇಷ್ಟು ಸಣ್ಣ ಗುರಿ ಇಟ್ಟುಕೊಂಡವರು ನನ್ನ ಮಗನನ್ನು ಏನು ತಿದ್ದುತ್ತಾರೆ ಎಂದು ನನಗೆ ಒಳಗೊಳಗೇ ನಗು ಬಂದಿತ್ತು.

ಅವರ ಮನೆಯಲ್ಲಿ ಯಾರಿಗೂ ಸುಮ್ಮನೆ ಕೂರುವ ಅವಕಾಶವಿರಲಿಲ್ಲ. ಆಕೆ ಹಳ್ಳಿಯ ರೈತರ ಮನೆಯ ಹೆಣ್ಣುಮಗಳು. ಊರಿನಿಂದ ಅವರ ತಮ್ಮ ತಂದುಹಾಕುವ ಚೀಲಗಳು ಮೂಲೆಯಲ್ಲಿ ಇರುತ್ತಿದ್ದವು. ಚಳಿಗಾಲದಲ್ಲಿ ಅವರೆಕಾಯಿ, ಬೇಸಗೆಯಲ್ಲಿ ಹುಣಸೆಹಣ್ಣು, ಏನೂ ಇಲ್ಲದಿದ್ದರೆ ಸೊಪ್ಪು. ಶನಿವಾರ ಮಧ್ಯಾಹ್ನ ಬರುವ ಅಪ್ಪ ಅಮ್ಮಂದಿರೆಲ್ಲ ಚಾಪೆಯ ಮೇಲೆ ಕೂತು ಬಿಡಿಸಬೇಕು. ‘ಕೈ ಖಾಲಿ ಇದ್ರೆ ನೀವು ಗಂಡ ಹೆಂಡ್ತಿ ಜಗಳ ಆಡ್ತೀರಿ. ಸುಲೀರಿ’ ಎನ್ನುತ್ತಿದ್ದರು. ಕಣ್ಣು ಕಾಯಿಯ ಮೇಲಿದ್ದಾಗ ಬಾಯಿಂದ ನಿಜ ಸಲೀಸಾಗಿ ಬರುತ್ತಿತ್ತು. ದೊಡ್ಡ ಹುದ್ದೆಯಲ್ಲಿದ್ದವರೊಬ್ಬರು ಸಿಪ್ಪೆ ಬಿಡಿಸುತ್ತಾ ಬಿಡಿಸುತ್ತಾ, ಮಗಳ ಮೇಲೆ ಕೈಮಾಡಿದ್ದನ್ನು ಹೇಳಿ ಅತ್ತದ್ದನ್ನು ನೋಡಿದ್ದೇನೆ. ನಾನು ಮಾತ್ರ ಬೆಲ್ಟಿನ ವಿಷಯ ಎತ್ತಲಿಲ್ಲ. ಕಾಯಿಯಲ್ಲಿ ಹುಳ ಹುಡುಕುವುದರಲ್ಲಿ ನಾನೇ ಮುಂದು. ‘ಇದ್ರಲ್ಲಿ ನಿಮ್ಮನ್ನ ಮೀರ್ಸೋರಿಲ್ಲ ಬಿಡಿ’ ಎಂದು ಆಕೆ ಚುಚ್ಚುತ್ತಿದ್ದರು. ಆಮೇಲೆ ಆ ಹುಳವನ್ನು ಸಿಪ್ಪೆಯ ಮೇಲೇ ಎತ್ತಿಕೊಂಡು ಹೋಗಿ ಕಿಟಕಿಯಾಚೆ ಗಿಡದ ಮೇಲೆ ಬಿಟ್ಟು ಬರುತ್ತಿದ್ದರು.

ಒಂದು ಶನಿವಾರ ನನಗೆ ನೂರು ಕಾಳು ಎಣಿಸಲು ಹೇಳಿದರು. ಎಣಿಸತೊಡಗಿದೆ. ‘ಸಾರ್, ಗಂಟೆ ಎಷ್ಟು?’ ಎಂದರು. ಹೇಳಿದೆ. ‘ಗೇಟ್ ಸದ್ದಾಯ್ತು, ಯಾರು ನೋಡಿ’ ಎಂದರು. ನೋಡಿದೆ. ರೇಡಿಯೋ ಹಾಕಿದರು, ಲೋಟ ಕುಟ್ಟಿದರು, ನನ್ನ ಹೆಂಡತಿಗೆ ನನ್ನೊಡನೆ ಮಾತಾಡಲು ಹೇಳಿದರು. ನಲವತ್ತರ ಹತ್ತಿರ ಲೆಕ್ಕ ತಪ್ಪಿತು. ಮತ್ತೆ ಮೊದಲಿಂದ. ಮತ್ತೆ ತಪ್ಪಿತು. ‘ಇಷ್ಟು ವಯಸ್ಸಾಗಿದೆ, ನೂರು ಎಣಿಸೋಕೆ ಬರಲ್ವಾ? ಪಕ್ಕದಲ್ಲಿ ಕೂತಿರೋರನ್ನ ನೋಡಿ ಕಲೀರಿ. ಎಷ್ಟು ಸಲ ಹೇಳ್ಬೇಕು ನಿಮಗೆ?’ ಎಂದು ಎಲ್ಲರೆದುರು ಗದರಿಸಿದರು. ಅದು ನನ್ನದೇ ಮಾತು, ನನ್ನದೇ ಧಾಟಿ. ಮೈಯೆಲ್ಲ ಉರಿದು ಕಾಳಿನ ತಟ್ಟೆ ತಳ್ಳಿ ಎದ್ದುಬಿಟ್ಟೆ. ಆಕೆ ಚೆಲ್ಲಿದ ಕಾಳು ಆಯುತ್ತಾ, ‘ಇನ್ನೂ ಹತ್ತು ನಿಮಿಷ ಆಗಿಲ್ಲ ಸಾರ್. ಅವನಿಗೆ ಹದಿನೈದು ವರ್ಷ ಆಗಿದೆ’ ಎಂದರು. ನಾನೂ ಕೂತು ಆಯತೊಡಗಿದೆ.

ದೊಡ್ಡವರಿಗೆ ಚಾಪೆಯಾದರೆ ಮಕ್ಕಳಿಗೆ ನಡಿಗೆ. ಮೊದಲ ದಿನ ನಮ್ಮ ಹುಡುಗ ಕುರ್ಚಿಯಿಂದ ಮೂರು ಸಲ ಎದ್ದಾಗ, ಆಕೆಯೂ ಎದ್ದು ನಿಂತು, ‘ನನಗೂ ಕೂತು ಕೂತು ಸೊಂಟ ಹಿಡ್ಕೊಂಡಿದೆ. ಕರಿಬೇವು ತರ್ಬೇಕು, ಬರ್ತೀಯೇನೋ?’ ಎಂದು ಹೊರಟರು. ಒಂದು ಗಂಟೆಯ ಮೇಲೆ ಇಬ್ಬರೂ ಉಪ್ಪುಖಾರ ಹಚ್ಚಿದ ಸೀಬೆಹಣ್ಣು ತಿನ್ನುತ್ತಾ ವಾಪಸು ಬಂದರು. ಕರಿಬೇವು ಮರೆತುಹೋಗಿತ್ತು. ಅಲ್ಲಿಂದ ಮುಂದೆ ಪ್ರತಿ ಶನಿವಾರ ನಾವು ಕಾಯಿ ಬಿಡಿಸುವುದು, ಅವರಿಬ್ಬರೂ ಕುಕ್ಕರಹಳ್ಳಿ ಕೆರೆಯ ಏರಿಯ ತನಕ ನಡೆದುಹೋಗಿ ಅಲ್ಲಿನ ಕಲ್ಲುಬೆಂಚಿನ ಮೇಲೆ ಕೂತು ಬರುವುದು. ಎದುರುಬದುರು ಕೂತರೆ ಹುಡುಗರಿಗೆ ಪೊಲೀಸ್ ಠಾಣೆಯಲ್ಲಿ ಕೂತ ಹಾಗಾಗುತ್ತದೆ, ಪಕ್ಕಪಕ್ಕ ನಡೆದರೆ ಮಾತು ತಾನಾಗಿ ಬರುತ್ತದೆ ಎನ್ನುತ್ತಿದ್ದರು. ‘ಏನು ಹೇಳ್ದ?’ ಎಂದು ನಾನು ಪ್ರತಿ ವಾರ ಕೇಳುವೆ. ‘ಅದು ಅವನ ಮಾತು ಸಾರ್, ನನ್ನ ಹತ್ರ ಇರುತ್ತೆ’ ಎಂಬುದು ಪ್ರತಿ ವಾರದ ಉತ್ತರ.

ಮೂರು ತಿಂಗಳಲ್ಲಿ ಬದಲಾವಣೆ ಕಂಡದ್ದು ಸುಳ್ಳಲ್ಲ. ನನ್ನ ಹೆಂಡತಿ ಒಂದೇ ಉಸಿರಿಗೆ ಐದು ಕೆಲಸ ಹೇಳುವುದನ್ನು ಬಿಟ್ಟು ಒಂದು ಸಲಕ್ಕೆ ಒಂದೇ ಹೇಳುವುದನ್ನು ಕಲಿತಳು. ಹುಡುಗ ಅದೊಂದನ್ನು ಮಾಡಿ ಮುಗಿಸುತ್ತಿದ್ದ. ಒಂದು ದಿನ ಊಟಕ್ಕೆ ಕೂತಾಗ ತಾನಾಗಿಯೇ, ‘ಅಪ್ಪ, ಮೋಟಾರಿಗೆ ಕಾಯ್ಲ್ ಸುತ್ತೋದು ಹೆಂಗೆ ಅಂತ ನಿಮಗೆ ಗೊತ್ತಾ?’ ಎಂದು ಕೇಳಿದ. ನಾನು ತಟ್ಟೆಯ ಅಂಚಿನ ಮೇಲೆ ಬೆರಳಲ್ಲಿ ಬರೆದು ತೋರಿಸಿದೆ. ಮೂವರೂ ಜಗಳವಿಲ್ಲದೆ ಊಟ ಮುಗಿಸಿದೆವು. ಸಿದ್ಧಾರ್ಥನಗರದ ಆ ಮನೆಯಲ್ಲಿ ಅಂಥ ಊಟ ಎಷ್ಟು ವರ್ಷಕ್ಕೆ ಆಗಿತ್ತೋ.

ಇಷ್ಟಕ್ಕೆ ಸುಮ್ಮನಿದ್ದಿದ್ದರೆ ನಾನು ಈ ಲೇಖನವನ್ನು ಬೇರೆ ಥರ ಬರೆಯುತ್ತಿದ್ದೆ. ಆದರೆ ನನ್ನ ಉದ್ಯೋಗದ ಬುದ್ಧಿ ಬಿಡಬೇಕಲ್ಲ. ಹುಡುಗ ಆ ಏರಿಯ ಮೇಲೆ ನನ್ನ ಬಗ್ಗೆ ಏನು ಹೇಳುತ್ತಿದ್ದಾನೆ? ಬೆಲ್ಟಿನ ವಿಷಯ ಹೇಳಿರಬಹುದೇ? ಮೇಡಂ ನನ್ನನ್ನು ಒಳಗೊಳಗೇ ಏನೆಂದುಕೊಂಡಿದ್ದಾರೆ? ಕಾರ್ಖಾನೆಯಲ್ಲಿ ಇಂಥ ಅನುಮಾನ ಬಂದರೆ ಮುನ್ಸೂಚನೆ ಇಲ್ಲದೆ ಹೋಗಿ ಪರೀಕ್ಷೆ ಮಾಡುತ್ತಿದ್ದೆವು. ಮಗನ ಮೇಲೂ ಅದನ್ನೇ ಮಾಡಿದೆ. ಆ ಶನಿವಾರ ಕೆಲಸವಿದೆ ಎಂದು ಹೆಂಡತಿಯನ್ನೊಬ್ಬಳನ್ನೇ ಕಳಿಸಿ, ಸ್ಕೂಟರಿನಲ್ಲಿ ಮೊದಲೇ ಕೆರೆಯ ಹತ್ತಿರ ಹೋಗಿ, ಅವರು ಕೂರುವ ಕಲ್ಲುಬೆಂಚಿನ ಹಿಂದಿನ ಮರದ ಮರೆಯಲ್ಲಿ ನಿಂತೆ.

ಬಂದರು, ಕೂತರು. ಹುಡುಗ ಕಲ್ಲು ಎಸೆಯುತ್ತಾ ಮಾತಾಡುತ್ತಿದ್ದ. ‘ನಮ್ಮಪ್ಪ ಒಂದು ಬೇರಿಂಗ್ ಕಿವಿ ಹತ್ರ ಇಟ್ಕೊಂಡು ತಿರುಗಿಸಿದ್ರೆ ಸಾಕು ಆಂಟಿ, ಎಲ್ಲಿ ತಪ್ಪಿದೆ ಅಂತ ಹೇಳ್ಬುಡ್ತಾರೆ. ಇಡೀ ಫ್ಯಾಕ್ಟ್ರೀಲಿ ಯಾರಿಗೂ ಬರಲ್ಲ ಅದು.’ ನನ್ನ ಎದೆ ತುಂಬಿ ಬಂತು. ಅಷ್ಟಕ್ಕೇ ಹಿಂದಿರುಗಬೇಕಿತ್ತು. ಅವನು ಇನ್ನೊಂದು ಕಲ್ಲು ಎಸೆದು ಹೇಳಿದ: ‘ನನ್ನನ್ನೂ ಹಂಗೇ ನೋಡ್ತಾರೆ.’

ಆ ಕ್ಷಣ ನನಗೆ ಏನಾಯಿತೋ ಕಾಣೆ. ಮರದ ಹಿಂದಿನಿಂದ ಹೊರಬಂದು, ‘ನಾನೆಲ್ಲೋ ಹಂಗೆ ನೋಡ್ದೆ? ಯಾವತ್ತು ನೋಡ್ದೆ, ಹೇಳು!’ ಎಂದು ವಾದಕ್ಕೆ ನಿಂತೆ.

ಹುಡುಗ ನನ್ನನ್ನು ನೋಡಿದ. ಮೇಡಂ ಮುಖ ನೋಡಿದ. ಎದ್ದು ಏರಿಯ ಮೇಲೆ ನಡೆದುಹೋದ. ಹುಟ್ಟಿದಾಗಿನಿಂದ ಓಡಿಯೇ ಗೊತ್ತಿದ್ದವನು ಅವತ್ತು ಓಡಲಿಲ್ಲ, ನಡೆದ. ಅದನ್ನು ನೋಡಿ ನನಗೆ ಭಯವಾಯಿತು.

‘ಎಂಗೆ ಸಾರ್ ಇಂಗ್ ಮಾಡ್ಬುಟ್ರಿ?’ ಎಂದರು ಆಕೆ. ತೀರಾ ನೊಂದಾಗ ಮಾತ್ರ ಅವರ ಬಾಯಲ್ಲಿ ಊರಿನ ಮಾತು ಬರುತ್ತಿತ್ತು. ಸ್ವಲ್ಪ ಸುಧಾರಿಸಿಕೊಂಡು, ‘ಅವನಿಗೆ ಒಂದು ಮಾತು ಹೇಳಿ. ನಾನು ತಪ್ಪು ಮಾಡ್ದೆ ಅಂತ. ಅಷ್ಟೇ, ಬಾಲ ಬೇಡ’ ಎಂದರು. ಅಪ್ಪನಾದವನು ಮಗನ ಮುಂದೆ ಹಾಗೆಲ್ಲ ಹೇಳುವುದುಂಟೇ ಎಂದು ನಾನು ಗೊಣಗಿದೆ. ಹೇಗೆ ಹೇಳಬೇಕೆಂದು ಮಾರನೆಯ ದಿನ ಅವರೇ ತೋರಿಸಿಕೊಟ್ಟರು. ಸಿಟಿ ಬಸ್ಸಿನಲ್ಲಿ ನಮ್ಮ ಮನೆಗೆ ಬಂದರು. ಹುಡುಗ ಕೋಣೆಯ ಬಾಗಿಲು ತೆಗೆಯಲಿಲ್ಲ. ಮುಚ್ಚಿದ ಬಾಗಿಲ ಮುಂದೆ ನಿಂತು, ‘ನಿನ್ನ ಮಾತನ್ನ ಜೋಪಾನ ಮಾಡ್ತೀನಿ ಅಂದಿದ್ದೆ. ಮಾಡೋಕಾಗ್ಲಿಲ್ಲ. ತಪ್ಪು ನಂದು ಕಣಪ್ಪ’ ಎಂದರು. ನನ್ನ ಹೆಸರೆತ್ತಲಿಲ್ಲ. ಕಾಫಿಯನ್ನೂ ಕುಡಿಯದೆ ಹೊರಟುಹೋದರು. ಲೋಟ ಹಿಡಿದುಕೊಂಡು ಅಲ್ಲೇ ನಿಂತಿದ್ದವನು ನಾನು.

ಅಂದಿನಿಂದ ಅವನು ನಮ್ಮ ಜೊತೆ ಲಕ್ಷ್ಮೀಪುರಂಗೆ ಬರಲಿಲ್ಲ. ನಾವಿಬ್ಬರೂ ಹೋಗುವುದನ್ನು ಬಿಡಲಿಲ್ಲ. ‘ಹೇಳಿದ್ರಾ ಸಾರ್?’ ಶುರುವಾದದ್ದು ಮುಂದಿನ ಶನಿವಾರದಿಂದ. ಹುಡುಗ ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲಕ್ಕೆ ಪಾಸು ಮಾಡಿ, ಮೋಟಾರು ರಿವೈಂಡಿಂಗ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಕೆಲವು ವರ್ಷಕ್ಕೆ ತನ್ನದೇ ಅಂಗಡಿ ಹಾಕಿ ಅದರ ಮೇಲಿನ ಕೋಣೆಗೆ ವಾಸ ಬದಲಾಯಿಸಿದ. ಐದು ನಿಮಿಷ ಕೂರಲಾರದವನು ತಾಮ್ರದ ತಂತಿ ಸುತ್ತುತ್ತಾ ಗಂಟೆಗಟ್ಟಲೆ ಕೂರುತ್ತಾನೆ ಎಂದು ಅವನಮ್ಮ ಹೋಗಿ ನೋಡಿ ಬಂದು ಹೇಳಿದಳು. ನಾನು ಹೋಗಲಿಲ್ಲ. ನನ್ನೊಡನೆ ಅವನ ಮಾತು ಹೂಂ, ಊಹೂಂ ಇಷ್ಟಕ್ಕೆ ನಿಂತಿತ್ತು.

ಹೇಳಲು ಪ್ರಯತ್ನಪಡಲಿಲ್ಲ ಎಂದಲ್ಲ. ಒಂದು ದೀಪಾವಳಿಯಲ್ಲಿ ಅವನು ಮನೆಗೆ ಬಂದಾಗ ಧೈರ್ಯ ಮಾಡಿ, ‘ಅವತ್ತು ಕೆರೆ ಹತ್ರ ನಾನು ಮಾಡಿದ್ದು ತಪ್ಪು ಕಣೋ. ಆದ್ರೆ ನೀನೂ ಹೊರಗಿನವರ ಮುಂದೆ ಅಪ್ಪನ ಬಗ್ಗೆ…’ ಎಂದೆ. ಅವನು ಎದ್ದುಹೋದ. ನಾನು ಹೇಳಿಬಿಟ್ಟೆನೆಂದು ಹೆಮ್ಮೆಯಿಂದ ಮೇಡಂಗೆ ವರದಿ ಒಪ್ಪಿಸಿದೆ. ಪೂರ್ತಿ ಕೇಳಿಸಿಕೊಂಡು, ‘ಬಾಲ ಹಾಕ್ಬಿಟ್ರಲ್ಲ ಸಾರ್. ಇದು ಲೆಕ್ಕಕ್ಕಿಲ್ಲ’ ಎಂದರು. ಮುಂದಿನ ವಾರ ಮತ್ತೆ ಅದೇ ಪ್ರಶ್ನೆ. ನನಗೆ ಎಷ್ಟೋ ಸಲ ಸಿಟ್ಟು ಬಂದಿದೆ. ಈ ಹೆಂಗಸಿಗೆ ಬೇರೆ ಕೆಲಸವಿಲ್ಲವೇ ಎಂದು ಸ್ಕೂಟರ್ ಒದೆಯುತ್ತಾ ಬೈದುಕೊಂಡಿದ್ದೇನೆ. ಶನಿವಾರ ಬಂದರೆ ಕಾಲು ಅತ್ತಲೇ ಹೋಗುತ್ತಿತ್ತು.

ಈ ಚಳಿಗಾಲದಲ್ಲಿ ಅವರ ಉಬ್ಬಸ ಹೆಚ್ಚಾಯಿತು. ನಾನು ಕೊನೆಯ ಸಲ ಹೋದಾಗ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಮೂಲೆಯಲ್ಲಿ ಅವರೆಕಾಯಿಯ ಚೀಲ ಬಿಚ್ಚದೆ ಬಿದ್ದಿತ್ತು. ಉಸಿರು ಎಳೆದುಕೊಂಡು, ‘ಹೇಳಿದ್ರಾ?’ ಎಂದರು. ‘ಸಾರ್’ ಎನ್ನುವಷ್ಟು ಉಸಿರು ಇರಲಿಲ್ಲ. ಆ ಸ್ಥಿತಿಯಲ್ಲಿ ಅವರಿಗೆ ಈ ವಾರ, ಮುಂದಿನ ವಾರ ಎನ್ನಲು ನನಗೆ ಮನಸ್ಸಾಗಲಿಲ್ಲ.

‘ಹೇಳಿದೆ ಮೇಡಂ’ ಎಂದುಬಿಟ್ಟೆ.

‘ಬಾಲ?’

‘ಇಲ್ಲ.’

ಅವರು ನಕ್ಕರು. ಬಹಳ ಹೊತ್ತು ನನ್ನ ಮುಖ ನೋಡುತ್ತಾ ನಕ್ಕರು. ಸಾಯುವವರಿಗೆ ಸಮಾಧಾನ ಹೇಳಿದೆನಲ್ಲ ಎಂದು ನಾನೂ ಸಮಾಧಾನಪಟ್ಟುಕೊಂಡು ಮನೆಗೆ ಬಂದೆ.

ಮುಂದಿನ ಶನಿವಾರ ಬರುವ ಮೊದಲೇ ಹೋಗಿಬಿಟ್ಟರು. ನಾವಿಬ್ಬರೂ ಹೋಗುವಷ್ಟರಲ್ಲಿ ಹಾಲ್‌ನಲ್ಲಿ ಮಲಗಿಸಿದ್ದರು. ಎಷ್ಟೋ ಜನ ಅಪ್ಪ ಅಮ್ಮಂದಿರು, ಅವರಿಗಿಂತ ಎತ್ತರ ಬೆಳೆದ ಮಕ್ಕಳು. ಸ್ನಾನ ಮಾಡಿಸಬೇಕು, ತೊಟ್ಟಿಯಲ್ಲಿ ನೀರಿಲ್ಲ ಎಂದು ಹೆಂಗಸರು ಒದ್ದಾಡುತ್ತಿದ್ದರು. ‘ಮೋಟ್ರು ಕೆಟ್ಟೋಗದೆ, ಹುಡ್ಗ ಬಂದವ್ನೆ, ಮಾಡ್ತಾವ್ನೆ’ ಎಂದರು ಊರಿನಿಂದ ಬಂದಿದ್ದ ಮೇಡಂ ಅವರ ತಮ್ಮ. ಹಿತ್ತಲಿಗೆ ಹೋಗಿ ನೋಡಿದರೆ, ಸಂಪಿನ ಪಕ್ಕ ಮೋಟಾರು ಬಿಚ್ಚಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದವನು ನನ್ನ ಮಗ.

‘ಇವನು ಇಲ್ಲಿಗೆ ಬರ್ತಿದ್ನಾ?’ ಎಂದು ಅವರನ್ನು ಕೇಳಿದೆ.

‘ವಾರಾ ವಾರಾ ಭಾನ್ವಾರ ಬರೋನು ಕಣ್ರೀ, ಅದೆಷ್ಟು ವರ್ಸದಿಂದ್ಲೋ. ಅಕ್ಕ ಇವನ ಜೊತೇಲೇ ಕೆರೆ ತಂಕ ಹೋಗ್ಬರೋಳು.’

ನಮಗೆ ಶನಿವಾರ, ಅವನಿಗೆ ಭಾನುವಾರ. ಒಂದು ದಿನವಾದರೂ ಆಕೆ ಬಾಯಿಬಿಟ್ಟಿರಲಿಲ್ಲ. ನಾನು ಹೋಗಿ ಅವನ ಪಕ್ಕ ಕೂತೆ. ಅವನು ತಲೆ ಎತ್ತದೆ ಕೈ ಚಾಚಿದ. ನಟ್ಟು ಕೊಟ್ಟೆ. ಇನ್ನೊಂದು ಕೊಟ್ಟೆ. ಏನಾದರೂ ಮಾತಾಡಬೇಕೆಂದು, ‘ಮೇಡಂ ನನ್ನ ವಿಷಯ ಏನಾದ್ರೂ ಹೇಳ್ತಿದ್ರೇನೋ?’ ಎಂದೆ.

‘ಏನೂ ಹೇಳ್ತಿರ್ಲಿಲ್ಲ. ಕೇಳೋರು. ನಿಮ್ಮಪ್ಪ ನಿಂಗೇನಾದ್ರೂ ಅಂದ್ರಾ ಅಂತ, ವಾರಾ ವಾರಾ ಅದೊಂದೇ. ಇಲ್ಲ ಅಂತಿದ್ದೆ.’ ಸ್ಕ್ರೂ ಬಿಗಿ ಮಾಡಿದ. ‘ಮೊನ್ನೆ ಭಾನ್ವಾರಾನೂ ಕೇಳಿದ್ರು. ಇಲ್ಲ ಅಂದೆ. ಹೇಳ್ತಾರೆ ಬುಡು, ಇನ್ನೊಂದು ವಾರ ನೋಡು ಅಂದ್ರು.’

ಮೊನ್ನೆ ಭಾನುವಾರ. ಅಂದರೆ ನಾನು ಸುಳ್ಳು ಹೇಳಿ ಬಂದ ಮೇಲೆ. ಇವನನ್ನು ಕೇಳಿ, ಇಲ್ಲ ಎಂದು ತಿಳಿದ ಮೇಲೂ ನನಗೆ ಇನ್ನೊಂದು ವಾರ ಕೊಟ್ಟು ಹೋಗಿದ್ದರು.

ಅವನು ಸ್ವಿಚ್ ಹಾಕಿದ. ಮೋಟಾರು ತಿರುಗಿತು. ಪೈಪಿನಲ್ಲಿ ನೀರು ಏರುವ ಸದ್ದು ಕೇಳಿಸಿತು. ‘ಸೌಂಡ್ ಸರಿ ಇದ್ಯಾ?’ ಎಂದು ಕೇಳಿದ. ಒಂಬತ್ತು ವರ್ಷದಲ್ಲಿ ಅವನು ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ಬಗ್ಗಿ ಕಿವಿ ಕೊಟ್ಟೆ. ಹುಡುಕಿದ್ದರೆ ಏನಾದರೂ ಸಿಗುತ್ತಿತ್ತೋ ಏನೋ. ಹುಡುಕಲಿಲ್ಲ.

‘ಚೆನ್ನಾಗಿದೆ’ ಎಂದೆ. ಆಮೇಲೆ, ‘ಅವತ್ತು ನಾನು ತಪ್ಪು ಮಾಡ್ದೆ ಕಣೋ. ಬೆಲ್ಟಲ್ಲಿ ಹೊಡೀತಿದ್ದಿದ್ದೂ ತಪ್ಪು’ ಎಂದೆ.

ಅವನು ಕೈಯಲ್ಲಿದ್ದ ಬಟ್ಟೆಯಿಂದ ಗ್ರೀಸ್ ಒರೆಸಿಕೊಳ್ಳುತ್ತಾ ಕಾದ. ನಾನು ಮುಂದೇನು ಸೇರಿಸುತ್ತೇನೆ ಎಂದು ಕಾಯುತ್ತಿದ್ದಾನೆ ಎಂಬುದು ನನಗೆ ತಿಳಿಯಿತು. ತುಟಿ ಕಚ್ಚಿ ಹಿಡಿದೆ.

‘ಅಷ್ಟೇನಾ?’ ಎಂದ.

‘ಅಷ್ಟೇ.’

ಅವನ ಕಣ್ಣು ಕೆಂಪಾಯಿತು. ‘ಹೋದ ವಾರ ಹೇಳಿದ್ರೆ ಆಂಟಿಗೆ ಗೊತ್ತಾಗೋದು’ ಎಂದು, ನೀರು ತುಂಬಿದ ಬಕೆಟ್ ಎತ್ತಿಕೊಂಡು ಒಳಗೆ ಹೋದ.

ಸ್ನಾನವಾಯಿತು, ಹಣೆಗೆ ಕುಂಕುಮ ಇಟ್ಟರು. ಸಾಲಿನಲ್ಲಿ ನನ್ನ ಸರದಿಯೂ ಬಂತು. ಹೂವು ಹಾಕಲು ಬಗ್ಗಿದವನು ಅಭ್ಯಾಸಬಲದಿಂದ ಒಂದು ಗಳಿಗೆ ಸುಮ್ಮನೆ ಕಾದೆ. ಯಾರೂ ಏನೂ ಕೇಳಲಿಲ್ಲ. ಅವರ ಕಿವಿಯ ಹತ್ತಿರ ಹೋಗಿ ನಾನೇ ಹೇಳಿದೆ:

‘ಹೇಳಿದೆ ಮೇಡಂ. ಈ ಸಲ ನಿಜ.’